ಪಡಸಾಲೆಯಲ್ಲಿ ಕಾರಿನ ವಾದ

ಮೂರು ಊರಿನ ನೆಂಟರು ಒಂದೇ ಪಡಸಾಲೆಯಲ್ಲಿ ಕೂಡಿದರೆ ಮಾತು ಎಲ್ಲಿಂದ ಹೊರಟರೂ ಕಡೆಗೆ ಹೋಗಿ ನಿಲ್ಲುವುದು ಗಾಡಿಯ ಮುಂದೆ. ನೀವೂ ನೋಡಿರಬೇಕು. ಮಳೆ ಹ್ಯಾಂಗ, ತೊಗರಿಗೆ ದರ ಎಷ್ಟು, ಹತ್ತಿ ಬಿಡಿಸಲು ಆಳು ಸಿಕ್ಕರೇ ಎಂದು ಕೇಳುವಷ್ಟರಲ್ಲಿ ಮೊದಲ ಸುತ್ತಿನ ಚಹಾ ಮುಗಿದಿರುತ್ತದೆ. ಎರಡನೆಯ ಸುತ್ತಿಗೆ ಯಾರಾದರೊಬ್ಬರು, "ಈಗ ಗಾಡಿ ತೊಗೊಂಡ್ರ ಯಾವುದು ತೊಗೋಬೇಕ್ರೀ?" ಎನ್ನುತ್ತಾರೆ. ಮುಗಿಯಿತು! ಒಬ್ಬರಿಗೆ ಇದು ಆಗದು, ಇನ್ನೊಬ್ಬರಿಗೆ ಅದು ಆಗದು. ತಟ್ಟೆಯಲ್ಲಿನ ಮಿರ್ಚಿ ಭಜಿ ಆರಿ ತಣ್ಣಗಾದರೂ ವಾದದ ಕಾವು ಇಳಿಯುವುದಿಲ್ಲ.

ಈ ಹೊತ್ತಿನಲ್ಲಿ ನಾವೆಲ್ಲಿರುತ್ತೇವೆ? ಅಡುಗೆಮನೆಯಲ್ಲಿ, ಮೂರನೆಯ ಸುತ್ತಿನ ಚಹಾಕ್ಕೆ ನೀರಿಡುತ್ತ. ಗಂಡಸರ ಮಾತು ನಮಗ್ಯಾಕ ಎಂದುಕೊಳ್ಳುತ್ತೇವೆ. ಆದರೆ ಸೋದರಿಯರೇ, ಗಾಡಿ ಮನೆಗೆ ಬಂದ ಮೇಲೆ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂಡುವವರು ಯಾರು? ಮಂಡಿನೋವಿನ ಅತ್ತೆಗೆ ಕೈಕೊಟ್ಟು ಹತ್ತಿಸುವವರು ಯಾರು? ಕಂತು ಶುರುವಾದ ತಿಂಗಳಿನಿಂದ ಕಿರಾಣಿ ಚೀಟಿಯನ್ನು ಗಿಡ್ಡ ಮಾಡುವವರು ಯಾರು? ಕಿವಿಗೊಟ್ಟು ಕೇಳಬೇಕಾದ ಮಾತು ಇದು. ಕೇಳಿದರಷ್ಟೇ ಸಾಲದು, ನಡುವೆ ಬಾಯಿ ಹಾಕಲೂ ಬೇಕು.

ಶಹಾಪುರದ ನನ್ನ ತವರಿನಲ್ಲಿ ಇಂಥ ವಾದ ಎರಡು ದಿನ ನಡೆಯಿತು. ನನ್ನ ತಮ್ಮನಿಗೆ ಕಾರು ಕೊಳ್ಳುವ ಯೋಗ ಬಂದಿತ್ತು. ಯಾದಗಿರಿಯಿಂದ ಅಕ್ಕನ ಗಂಡ ಬಂದಿದ್ದರು, ಸುರಪುರದಿಂದ ತಂಗಿಯ ಗಂಡ. ಮೊದಲು ಕಟ್ಟಬೇಕಾದ ಹಣ ಒಂದಿಷ್ಟು ಕಡಿಮೆ ಬೀಳುತ್ತಿತ್ತು. ಅಮ್ಮನ ಪಾಟಲಿಗಳನ್ನು ಬ್ಯಾಂಕಿನಲ್ಲಿಡುವ ಮಾತು ಅದಾಗಲೇ ಗುಸುಗುಸು ನಡೆದಿತ್ತು. ಅಮ್ಮ ಮಾತ್ರ ಬಾಯಿ ಬಿಟ್ಟಿರಲಿಲ್ಲ. ಹೋಳಿಗೆಯ ಹೂರಣ ರುಬ್ಬುತ್ತಲೇ ಕೂತಿದ್ದಳು.

ದೊಡ್ಡ ಅಳಿಯಂದಿರದು ಅಂಬಾಸಡರ್ ಪಕ್ಷ. ಅವರ ಪ್ರಾಯದವರೆಲ್ಲ ಹಾಗೆಯೇ. ಸುರಪುರಕ್ಕಾಗಲಿ ಶಹಾಪುರಕ್ಕಾಗಲಿ ರೈಲಿಲ್ಲ. ಮುಂಬಯಿಯಿಂದಲೋ ಮದ್ರಾಸಿನಿಂದಲೋ ಬಂದವರು ಯಾದಗಿರಿ ಸ್ಟೇಷನ್ನಿನಲ್ಲೇ ಇಳಿಯಬೇಕು. ಸ್ಟೇಷನ್ನಿನ ಹೊರಗೆ ಬಿಳಿ ಅಂಬಾಸಡರ್ ನಿಂತಿದ್ದರೆ ಯಾರದೋ ದೊಡ್ಡ ಮನೆಯ ಬೀಗರು ಬಂದರೆಂದು ಊರಿಗೆಲ್ಲ ತಿಳಿಯುತ್ತಿತ್ತು. "ಏನ್ ಗಾಡಿ ಅದು! ಮುಂದ ಮೂರು ಮಂದಿ, ಹಿಂದ ಐದು ಮಂದಿ, ಮ್ಯಾಲ ಹಾಸಿಗಿ ಸುರುಳಿ. ಎಲ್ಲಿ ಕೆಟ್ಟು ನಿಂತರೂ ಆ ಊರಿನ ಮೇಸ್ತ್ರಿ ರಿಪೇರಿ ಮಾಡ್ತಿದ್ದ. ಈಗಿನವು ಕಂಪ್ಯೂಟರ್ ಬರೂತನ ಕದಲಂಗಿಲ್ಲ" ಎಂದು ಅವರ ವಾದ.

ಅಂಬಾಸಡರ್ ಹುಟ್ಟಿದ್ದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಗಾಡಿಯ ಅಚ್ಚಿನಲ್ಲಿ. ಕಲ್ಕತ್ತೆಯ ಹತ್ತಿರದ ಉತ್ತರಪಾರಾ ಕಾರಖಾನೆಯಿಂದ ಐವತ್ತರ ದಶಕದ ಕೊನೆಗೆ ಹೊರಬಂದದ್ದು, 2014ರ ಮೇ ತಿಂಗಳಲ್ಲಿ ಅಲ್ಲಿ ಕೆಲಸ ನಿಲ್ಲುವವರೆಗೂ ಹೆಚ್ಚು ರೂಪ ಬದಲಿಸದೆ ಓಡಿತು. ನಮ್ಮ ಎಷ್ಟೋ ಜನರ ಮದುವೆಯ ದಿಬ್ಬಣ ಹೋದದ್ದು ಅದರಲ್ಲೇ. ಹಾಗೆಂದು ಅದರ ಹುಳುಕು ಮರೆಯಬಾರದು. ಸ್ಟೇರಿಂಗ್ ತಿರುಗಿಸಲು ತೋಳ್ಬಲ ಬೇಕಿತ್ತು. ಬೇಸಿಗೆಯಲ್ಲಿ ರೇಡಿಯೇಟರಿಗೆ ನೀರು ಕುಡಿಸುತ್ತ ಹೋಗಬೇಕಿತ್ತು. ಅಕ್ಕ ಒಳಗಿಂದಲೇ ಕೂಗಿದಳು: "ಬಾಣಂತಿ ನಾ ಒಳಗ ಬೆವತು ಕುಂತಿದ್ದೆ, ಇವರು ಕೊಡ ಹುಡುಕೊಂಡು ಹೋಗಿದ್ರು. ಅದನ್ನ ಹೇಳ್ರಿ!"

ಅಪ್ಪನದು ಫಿಯೆಟ್. ಅವನು ಇಂದಿಗೂ ಅದನ್ನು ಫಿಯೆಟ್ ಎಂದೇ ಅನ್ನುವುದು, ಮುಂಬಯಿಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಕಂಪನಿ 1974ರಲ್ಲೇ ಅದಕ್ಕೆ ಪದ್ಮಿನಿ ಎಂಬ ಹೆಸರಿಟ್ಟರೂ! ಚಿತ್ತೂರಿನ ರಾಣಿಯ ಹೆಸರು. ನಾಜೂಕಾದ ಗಾಡಿ, ಅಂಬಾಸಡರಿನಷ್ಟು ಎಣ್ಣೆ ಕುಡಿಯುವುದಲ್ಲ ಎಂದು ಅವನ ಮಾತು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳಲ್ಲಿ ಕಡೆಯ ಪದ್ಮಿನಿ 2023ರ ಅಕ್ಟೋಬರ್ ಕೊನೆಯಲ್ಲಿ ರಸ್ತೆ ಬಿಟ್ಟಿತು. ಅಪ್ಪ ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ, ನೆಂಟರು ಹೋದರೆನ್ನುವ ಹಾಗೆ ಅರ್ಧ ಗಳಿಗೆ ಸುಮ್ಮನೆ ಕೂತಿದ್ದ.

ಈ ಎರಡರ ಕಾಲದಲ್ಲಿ ಕಾರೆಂದರೆ ನಮ್ಮಂಥವರಿಗೆ ದೂರದ ಮಾತು. ಮೂರೂ ಊರು 1948ರ ಸೆಪ್ಟೆಂಬರ್ ತನಕ ನಿಜಾಮರ ರಾಜ್ಯದಲ್ಲಿದ್ದವಷ್ಟೆ. ಆರನೆಯ ನಿಜಾಮರು ತಮಗಾಗಿ ಒಂದು ಹಳದಿ ರೋಲ್ಸ್ ರಾಯ್ಸ್ ಮಾಡಲು ಹೇಳಿ, ಅದು ಕೈಗೆ ಬರುವ ಮೊದಲೇ 1911ರಲ್ಲಿ ತೀರಿಕೊಂಡರು. ಒಳಗೆ ಸಿಂಹಾಸನದಂಥ ಆಸನವಿರುವ ಆ ಗಾಡಿ ಇಷ್ಟು ವರ್ಷಗಳಲ್ಲಿ ಓಡಿದ್ದು ಕೆಲವೇ ನೂರು ಮೈಲಿಯಂತೆ! ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ಈಗಲೂ ನೋಡಬಹುದು. ಪ್ರಜೆಗಳಿಗೆ 1932ರಲ್ಲಿ ನಿಜಾಮ್ ರೈಲ್ವೆಯವರು 27 ಬಸ್ಸುಗಳನ್ನು ಬಿಟ್ಟರು. ನಮ್ಮ ಅಜ್ಜಿಯರಿಗೆ ಮೋಟಾರು ಅಂದರೆ ಬಸ್ಸೇ.

ಕಾರು ಮಧ್ಯಮ ವರ್ಗದ ಮನೆ ಬಾಗಿಲಿಗೆ ಬಂದದ್ದು ಮಾರುತಿಯಿಂದ. 1983ರಲ್ಲಿ ಬುಕಿಂಗ್ ತೆರೆದಾಗ ಲಕ್ಷಕ್ಕೂ ಮೀರಿ ಜನ ಮುಂಗಡ ಕಟ್ಟಿದರು. ಆ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಬೀಗದ ಕೈ ಕೊಟ್ಟರು. ಬೆಲೆ ಐವತ್ತು ಸಾವಿರದ ಒಳಗೆ. ಅಂಬಾಸಡರ್ ಪಕ್ಷದವರು ಅದನ್ನು "ಬೆಂಕಿಪೊಟ್ಟಣ" ಎಂದು ನಕ್ಕರು. ಮೂವತ್ತು ವರ್ಷ ಓಡಿ, 2014ರ ಜನವರಿಯಲ್ಲಿ ನಿಂತಾಗ ಇಪ್ಪತ್ತೈದು ಲಕ್ಷಕ್ಕೂ ಮಿಕ್ಕಿದ ಬೆಂಕಿಪೊಟ್ಟಣಗಳು ಮಾರಾಟವಾಗಿದ್ದವು. ನಗುವವರು ನಕ್ಕರು, ಕೊಳ್ಳುವವರು ಕೊಂಡರು.

ಸುರಪುರದ ಸಣ್ಣ ಅಳಿಯನಿಗೆ ಸಣ್ಣ ಗಾಡಿಯೇ ಆಗದು. "ಎರಿ ಹೊಲದ ದಾರ್ಯಾಗ ಮಳಿ ಬಿದ್ದರ ಈ ಸಣ್ಣ ಗಾಡಿ ಹೂತು ಕುಂದರ್ತಾವ. ಬೊಲೆರೋನೇ ಆಗಬೇಕು, ಇಲ್ಲಾ ಕ್ರೂಸರ್" ಎಂಬುದು ಅವನ ಹಟ. ಕ್ರೂಸರ್ ಯಾರಿಗೆ ಗೊತ್ತಿಲ್ಲ? ತಿಂಥಣಿಯ ಮೌನೇಶ್ವರನ ಜಾತ್ರೆಗೆ, ಮೈಲಾಪುರದ ಮಲ್ಲಯ್ಯನಿಗೆ ಸಂಕ್ರಾಂತಿಯಲ್ಲಿ, ಓಣಿಯ ಹೆಂಗಸರೆಲ್ಲ ಬುತ್ತಿ ಕಟ್ಟಿಕೊಂಡು ಹಾಡುತ್ತ ಹೋಗುವುದು ಅದರಲ್ಲೇ. ನನಗೂ ಅದರ ಮೇಲೆ ಪ್ರೀತಿ. ಆದರೆ ಹಿಂದೆ ಪಕ್ಕಕ್ಕೆ ಮುಖ ಮಾಡಿದ ಉದ್ದ ಸೀಟಿನಲ್ಲಿ ಒತ್ತೊತ್ತಾಗಿ ಕೂತಾಗ ಬ್ರೇಕ್ ಬಿದ್ದರೆ ಹಿಡಿಯಲು ಪಕ್ಕದವಳ ತೋಳು ಬಿಟ್ಟರೆ ಮತ್ತೇನಿರುತ್ತದೆ ಹೇಳಿ? ವರ್ಷಕ್ಕೊಂದು ಜಾತ್ರೆಗೆ ಬಾಡಿಗೆಗೆ ಸಿಗುವ ಗಾಡಿಯನ್ನು ಮನೆ ಮುಂದೆ ಕಟ್ಟಿಕೊಳ್ಳುವುದೇಕೆ ಎಂದು ತಂಗಿಯೇ ಗಂಡನನ್ನು ಕೇಳಿದಳು. ಉತ್ತರ ಬರಲಿಲ್ಲ.

ಟೊಯೋಟಾದವರು ನಮ್ಮ ಬಿಡದಿಯಲ್ಲಿ 2000ದಿಂದ 2005ರವರೆಗೆ ಮಾಡಿದ ಕ್ವಾಲಿಸ್ ಬಗ್ಗೆ ಎಲ್ಲರೂ ಒಂದೇ ಮಾತು: ನಿಲ್ಲಿಸಬಾರದಿತ್ತು! ವಾದದಲ್ಲಿ ಎಲ್ಲರೂ ಒಪ್ಪಿದ್ದು ಅದೊಂದನ್ನೇ. ಟಾಟಾ ಸುಮೋ ಹೆಸರು ಜಪಾನಿನ ಜಟ್ಟಿಗಳಿಂದ ಬಂದದ್ದಲ್ಲ, ಆ ಕಂಪನಿಯ ಸುಮಂತ ಮೂಳಗಾವಕರ್ ಅವರ ಹೆಸರಿನಿಂದ ಬಂದದ್ದು ಎಂದು ನಾನು ಹೇಳಿದಾಗ ಯಾರೂ ನಂಬಲಿಲ್ಲ. ನಿಜವಾದ ಸಂಗತಿ, ನೀವಾದರೂ ನಂಬಿ.

ನ್ಯಾನೋ ಹೆಸರೆತ್ತಿದಾಗ ಮಾತ್ರ ಎಲ್ಲರೂ ನಕ್ಕರು. 2009ರಲ್ಲಿ ಬಂದು 2018ರಲ್ಲಿ ನಿಂತುಹೋದ ಗಾಡಿ. "ಒಂದು ಲಕ್ಷದ ಕಾರು" ಎಂಬ ಹೆಸರೇ ಅದಕ್ಕೆ ಮುಳುವಾಯಿತು; ಅಗ್ಗದ ಗಾಡಿಯಿಂದ ಬೀಗರ ಮನೆ ಮುಂದೆ ಇಳಿಯುವುದು ಹೇಗೆ ಎಂಬ ನಾಚಿಕೆ. ಹೀಗೆಯೇ ಆಯಿತೆಂದು ರತನ್ ಟಾಟಾ ಅವರೇ ಮುಂದೆ ಒಪ್ಪಿದ್ದರು. ಆದರೆ ನ್ಯಾನೋದ ಛಾವಣಿ ಎತ್ತರ, ಹತ್ತಿ ಇಳಿಯಲು ಸಲೀಸು. ಸೀರೆಯುಟ್ಟವರು ತಲೆ ಬಗ್ಗಿಸದೆ ಕೂಡಬಹುದಾಗಿದ್ದ ಸಣ್ಣ ಗಾಡಿ ಅದೊಂದೇ ಎಂದು ನನ್ನ ಅನಿಸಿಕೆ. ಹೆಂಗಸರನ್ನು ಕೇಳಿದ್ದರೆ ಅದರ ಹಣೆಬರಹ ಬೇರೆ ಇರುತ್ತಿತ್ತೋ ಏನೋ!

ತಮ್ಮನ ಮನಸ್ಸು ಇದ್ದದ್ದು ಹೊಸ ಮಾದರಿಯ ಎತ್ತರದ ಡೀಸೆಲ್ ಗಾಡಿಯ ಮೇಲೆ. ಮೇಲೆ ಛಾವಣಿ ತೆರೆಯಬೇಕಂತೆ. ಬೇಸಿಗೆಯಲ್ಲಿ ನಮ್ಮ ಕಡೆ ನಲವತ್ತೆರಡು ಡಿಗ್ರಿ ಬಿಸಿಲು; ಛಾವಣಿ ತೆರೆದು ಹಪ್ಪಳ ಒಣಗಿಸುವುದೇ? ಆದರೂ ಡೀಸೆಲ್ಲಿನ ಮಾತು ತೂಕದ್ದು, ಏಕೆಂದರೆ ಎಲ್ಲ ಮನೆಯಲ್ಲೂ "ಡೀಸೆಲ್ ಅಗ್ಗ, ಮೈಲೇಜ್ ಜಾಸ್ತಿ" ಎಂಬ ಮಾತು ವೇದವಾಕ್ಯ. ಹಾಲಿನ ಲೆಕ್ಕ ಬರೆಯುವ ಪುಸ್ತಕ ತಂದು ನಾನೂ ತಮ್ಮನ ಹೆಂಡತಿಯೂ ಕೂತೆವು. ನೀವೂ ಬರೆದುಕೊಳ್ಳಿ.

ತಿಂಗಳಿಗೆ 500 ಕಿ.ಮೀ. ಓಡುತ್ತದೆ ಎನ್ನಿ. ಪೆಟ್ರೋಲ್ ಗಾಡಿ ಲೀಟರಿಗೆ 16 ಕಿ.ಮೀ. ಕೊಟ್ಟರೆ ಬೇಕಾದದ್ದು ಮೂವತ್ತೊಂದು ಲೀಟರು ಚಿಲ್ಲರೆ. ಲೀಟರಿಗೆ 103 ರೂಪಾಯಿ ಹಿಡಿದರೆ ಸುಮಾರು 3,220 ರೂಪಾಯಿ. ಡೀಸೆಲ್ ಗಾಡಿ 20 ಕಿ.ಮೀ. ಕೊಟ್ಟರೆ 25 ಲೀಟರು. 91ರಂತೆ 2,275 ರೂಪಾಯಿ. ಉಳಿತಾಯ ತಿಂಗಳಿಗೆ 945 ರೂಪಾಯಿ. ಕೇಳಲು ಇಂಪು. ಆದರೆ ಅದೇ ಗಾಡಿಯ ಡೀಸೆಲ್ ಮಾದರಿಗೆ ಒಂದು ಲಕ್ಷ ಇಪ್ಪತ್ತು ಸಾವಿರ ಹೆಚ್ಚು ಕೊಡುವುದಾದರೆ ಆ ಹಣ ಮರಳಿ ಬರಲು ಹತ್ತೂವರೆ ವರ್ಷ ಬೇಕು! ದಿನಾ ಕಲಬುರಗಿಗೆ ಓಡಾಡುವವರಿಗೆ ಲೆಕ್ಕ ಬೇರೆ. ವಾರಕ್ಕೊಮ್ಮೆ ಸಂತೆ, ತಿಂಗಳಿಗೊಮ್ಮೆ ತವರು ಎನ್ನುವವರಿಗೆ ಇದೇ ಲೆಕ್ಕ. ನಿಮ್ಮ ಊರಿನ ದರ, ನಿಮ್ಮ ಓಡಾಟ ಹಾಕಿ ನೀವೇ ಗುಣಿಸಿ ನೋಡಿ.

ಸಾಲದ ಲೆಕ್ಕ ಇನ್ನೂ ಗಮ್ಮತ್ತು. ಆರು ಲಕ್ಷ ಸಾಲ, ನೂರಕ್ಕೆ 9ರ ಬಡ್ಡಿ. ಏಳು ವರ್ಷಕ್ಕಾದರೆ ತಿಂಗಳ ಕಂತು ಸುಮಾರು 9,650. ಐದು ವರ್ಷಕ್ಕಾದರೆ 12,450. ಕಂತು ಸಣ್ಣದೆಂದು ಏಳು ವರ್ಷ ಆರಿಸಿಕೊಂಡರೆ ಒಟ್ಟು ಬಡ್ಡಿ ಎರಡು ಲಕ್ಷ ಹತ್ತು ಸಾವಿರದಷ್ಟು, ಐದು ವರ್ಷದ್ದು ಒಂದು ಲಕ್ಷ ನಲವತ್ತೇಳು ಸಾವಿರ. ಅರವತ್ತು ಸಾವಿರಕ್ಕೂ ಮಿಕ್ಕಿದ ಹಣ ಸುಮ್ಮನೆ ಹೋಯಿತಲ್ಲ! ಇದರ ಮೇಲೆ ಅಮ್ಮನ ಪಾಟಲಿಯ ಬಡ್ಡಿ ಬೇರೆ. ಬಂಗಾರವನ್ನು ಮನೆಗೋ ಹೊಲಕ್ಕೋ ಇಡುವುದುಂಟು, ದವಾಖಾನೆಗೆ ಇಡುವುದುಂಟು. ವರ್ಷ ವರ್ಷಕ್ಕೂ ಬೆಲೆ ಇಳಿಯುವ ವಸ್ತುವಿಗೆ, ಬೆಲೆ ಏರುವ ವಸ್ತುವನ್ನು ಅಡವಿಡಬಾರದೆಂದು ನಾನು ನೇರವಾಗಿಯೇ ಹೇಳಿದೆ. ತಮ್ಮ ಮುಖ ಊದಿಸಿಕೊಂಡ. ಊದಿಸಿಕೊಳ್ಳಲಿ.

"ಬಸ್ಸು ಹ್ಯಾಂಗೂ ಪುಕ್ಕಟ ಐತಲ್ಲ, ಗಾಡಿನೇ ಯಾಕ?" ಎಂದು ಓಣಿಯ ಹಿರಿಯಳೊಬ್ಬಳು ಕೇಳಿದ್ದೂ ಸರಿಯೇ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ಟಿಲ್ಲ. ಹಗಲು ಹೊತ್ತಿನ ಓಡಾಟಕ್ಕೆ ಅದಕ್ಕಿಂತ ಅಗ್ಗದ ಸವಾರಿ ಯಾವುದಿದೆ? ಆದರೆ ರಾತ್ರಿ ಎರಡು ಗಂಟೆಗೆ ಹೆರಿಗೆ ನೋವು ಬಂದರೆ, ಅಪ್ಪನಿಗೆ ಎದೆ ಹಿಡಿದರೆ, ಮನೆ ಮುಂದೆ ಗಾಡಿ ಇರುವುದಕ್ಕೆ ಬೆಲೆ ಕಟ್ಟಲಾಗದು. ಹಾಗಾಗಿ ಬೇಡವೆಂದು ನಾವ್ಯಾರೂ ಅನ್ನಲಿಲ್ಲ. ಯಾವುದು ಎಂಬುದರಲ್ಲಿ ನಮ್ಮ ಮಾತಿರಲಿ ಎಂದೆವು, ಅಷ್ಟೇ.

ಇನ್ನು, ಎರಡು ದಿನದ ವಾದದಲ್ಲಿ ಒಬ್ಬ ಗಂಡಸೂ ಎತ್ತದ ಮಾತೊಂದಿದೆ. ಕೂಸು ಎಲ್ಲಿ ಕೂಡಬೇಕು?

ನಮ್ಮಲ್ಲಿ ರೂಢಿ ಗೊತ್ತೇ ಇದೆ. ಮುಂದಿನ ಸೀಟಿನಲ್ಲಿ ತಾಯಿ, ತೊಡೆಯ ಮೇಲೆ ಮಗು. ಕೈಯಲ್ಲಿ ಭದ್ರ ಹಿಡಿದಿದ್ದೇನೆ ಎಂಬ ಧೈರ್ಯ. ಗಂಟೆಗೆ 60 ಕಿ.ಮೀ. ವೇಗದ ಗಾಡಿ ಏನಕ್ಕಾದರೂ ಬಡಿದು ಗಕ್ಕನೆ ನಿಂತರೆ, ಒಳಗಿದ್ದವರಿಗೆ ಅದು 14 ಮೀಟರ್, ಎಂದರೆ ನಾಲ್ಕು ಅಂತಸ್ತಿನ ಮೇಲಿಂದ ಬಿದ್ದಂತೆ. ನಾಲ್ಕನೆಯ ಅಂತಸ್ತಿನಿಂದ ಬೀಳುವ ಮಗುವನ್ನು ಯಾವ ತಾಯಿಯ ಕೈ ತಡೆದೀತು? ಮೇಲಾಗಿ ಈಗ ಹೊಸ ಗಾಡಿಗಳಿಗೆಲ್ಲ ಮುಂದೆ ಎರಡು ಏರ್‌ಬ್ಯಾಗ್ ಕಡ್ಡಾಯ. ಅವು ಕಣ್ಣು ರೆಪ್ಪೆ ಬಡಿಯುವುದರೊಳಗೆ ಗುದ್ದಿದ ಹಾಗೆ ಉಬ್ಬುತ್ತವೆ. ಬೆಲ್ಟ್ ಹಾಕಿದ ದೊಡ್ಡವರಿಗೆ ಅದು ರಕ್ಷಣೆ, ತೊಡೆಯ ಮೇಲಿನ ಕೂಸಿಗೆ ಅದೇ ಮೃತ್ಯು. ಮಕ್ಕಳು ಹಿಂದಿನ ಸೀಟಿನಲ್ಲೇ ಇರಬೇಕು. ಸಣ್ಣ ಕೂಸಿಗೆ ಮಕ್ಕಳ ಸೀಟು ಎಂದು ಬೇರೆಯೇ ಸಿಗುತ್ತದೆ, ಕಾರಿನ ಸೀಟಿಗೆ ಕಟ್ಟುವಂಥದು. ಛಾವಣಿ ತೆರೆಯುವ ಗಾಡಿಗೆ ಕೊಡುವ ಹೆಚ್ಚಿನ ಹಣದಲ್ಲಿ ಅದು ಬಂದೇ ಬರುತ್ತದೆ.

ಹಿಂದೆ ಕೂತ ನಾವೂ ಬೆಲ್ಟ್ ಹಾಕಬೇಕು. "ಹಿಂದಿನವ್ರಿಗೆ ಯಾರು ಕೇಳ್ತಾರ" ಎನ್ನಬೇಡಿ, ಕಾನೂನು ಹಿಂದಿನವರಿಗೂ ಇದೆ. ಉದ್ಯಮಿ ಸೈರಸ್ ಮಿಸ್ತ್ರಿ 2022ರ ಸೆಪ್ಟೆಂಬರಿನಲ್ಲಿ ಪಾಲ್ಘರ್ ಹತ್ತಿರ ತೀರಿಕೊಂಡಾಗ ಕೂತಿದ್ದದ್ದು ದೊಡ್ಡ ಬೆಲೆಯ ಗಾಡಿಯ ಹಿಂದಿನ ಸೀಟಿನಲ್ಲಿ, ಬೆಲ್ಟ್ ಹಾಕಿರಲಿಲ್ಲವೆಂದು ಪೊಲೀಸರು ಹೇಳಿದರು. ಸೀರೆಯ ಸೆರಗನ್ನು ಮೊದಲು ಸರಿಮಾಡಿಕೊಂಡು ಅದರ ಮೇಲೆ ಬೆಲ್ಟ್ ಎಳೆದರೆ ಇಸ್ತ್ರಿ ಕೆಡುವುದಿಲ್ಲ. ಬಸುರಿಯರು ಬೆಲ್ಟ್ ಬಿಡಬೇಕೆಂಬುದು ತಪ್ಪು ತಿಳಿವಳಿಕೆ. ಕೆಳಗಿನ ಪಟ್ಟಿ ಹೊಟ್ಟೆಯ ಕೆಳಗೆ, ತೊಡೆಸಂದಿಗೆ ತಾಗಿ ಹೋಗಬೇಕು. ಮೇಲಿನ ಪಟ್ಟಿ ಎದೆಯ ನಡುವಿನಿಂದ ಬಂದು ಹೊಟ್ಟೆಯ ಪಕ್ಕಕ್ಕೆ ಇಳಿಯಬೇಕು. ಹೊಟ್ಟೆಯ ಮೇಲೆ ಅಡ್ಡ ಹೋಗಬಾರದು.

ಗಾಡಿ ಎಷ್ಟು ಗಟ್ಟಿ ಎಂದು ಈಗ ತಟ್ಟಿ ನೋಡಬೇಕಿಲ್ಲ. "ಅಂಬಾಸಡರ್ ತಗಡು ಎಷ್ಟು ದಪ್ಪ" ಎಂದು ಭಾವ ಎಷ್ಟೇ ಹೇಳಲಿ, ಬಡಿದಾಗ ಮುಂಭಾಗ ತಾನು ನುಗ್ಗಾಗಿ ಒಳಗಿನವರಿಗೆ ಪೆಟ್ಟು ಮುಟ್ಟದ ಹಾಗೆ ಮಾಡುವುದೇ ಈಗಿನ ರೀತಿ. 2023ರ ಅಕ್ಟೋಬರಿನಿಂದ ಭಾರತ್ ಎನ್‌ಕ್ಯಾಪ್ ಎಂಬ ಪರೀಕ್ಷೆ ನಮ್ಮಲ್ಲೇ ನಡೆಯುತ್ತದೆ. ದೊಡ್ಡವರ ರಕ್ಷಣೆಗೆ ಇಷ್ಟು ನಕ್ಷತ್ರ, ಮಕ್ಕಳ ರಕ್ಷಣೆಗೆ ಇಷ್ಟು ನಕ್ಷತ್ರ ಎಂದು ಬೇರೆ ಬೇರೆ ಕೊಡುತ್ತಾರೆ. ಮಕ್ಕಳದ್ದು ಎಷ್ಟು ಎಂದು ಅಂಗಡಿಯಲ್ಲಿ ನೀವು ಕೇಳಿ. ಮಾರುವವ ಒಂದು ಕ್ಷಣ ತಬ್ಬಿಬ್ಬಾದರೂ ಕಾಗದ ಹುಡುಕಿ ತರುತ್ತಾನೆ.

ಹೂರಣ ಮುಗಿಸಿ ಕೈ ತೊಳೆದುಕೊಂಡು ಬಂದ ಅಮ್ಮ ಕಡೆಗೊಂದೇ ಮಾತು ಅಂದಳು: "ನಂಗ ಕಾಲ ಎತ್ತಿ ಇಡಾಕ ಬರಬೇಕು ನೋಡಪ. ಉಳಿದದ್ದು ನೀವ ನೋಡ್ಕೋರಿ." ಮುಂದಿನ ವಾರ ಕಲಬುರಗಿಗೆ ಹೋದಾಗ ತಮ್ಮ ಅವಳನ್ನೂ ಕರೆದೊಯ್ದ. ಅವನ ಕನಸಿನ ಗಾಡಿಗೆ ಅಮ್ಮ ಎರಡು ಸಲ ಕಾಲೆತ್ತಿ, ಆಗದೆ, ಬಾಗಿಲು ಹಿಡಿದು ನಿಂತಳಂತೆ. ತೀರಾ ತಗ್ಗಿನದರಲ್ಲಿ ಕೂತರೆ ಏಳಲಾಗಲಿಲ್ಲ. ನಡು ಎತ್ತರದ ಒಂದು ಪೆಟ್ರೋಲ್ ಗಾಡಿಯಲ್ಲಿ ಸೀಟು ಅವಳ ಸೊಂಟದ ಮಟ್ಟಕ್ಕೇ ಇತ್ತು. ಕೂತು, ಕಾಲು ಒಳಗೆ ತಿರುಗಿಸಿಕೊಂಡಳು. ಅದನ್ನೇ ಬಿಳಿ ಬಣ್ಣದಲ್ಲಿ ತಂದರು, ಐದು ವರ್ಷದ ಸಾಲದಲ್ಲಿ. ನಮ್ಮ ಬಿಸಿಲಿಗೆ ಬಿಳಿಯೇ ಸೈ, ಕಪ್ಪು ಗಾಡಿ ಕಾದ ಹಂಚು. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ ಸಣ್ಣ ಗಾಡಿಗಳ ಜಿ.ಎಸ್.ಟಿ. ನೂರಕ್ಕೆ 18ಕ್ಕೆ ಇಳಿದದ್ದೂ ಅನುಕೂಲವಾಯಿತು. ಪಾಟಲಿ ಅಮ್ಮನ ಕೈಯಲ್ಲೇ ಉಳಿದವು.

ಬಿಸಿಲಿನ ಮಾತು ಬಂತೆಂದು ಇನ್ನೊಂದು: "ಎರಡೇ ನಿಮಿಷ, ಬಂದೆ" ಎಂದು ಮಕ್ಕಳನ್ನು ನಿಂತ ಗಾಡಿಯಲ್ಲಿ ಬಿಟ್ಟು ಅಂಗಡಿಗೆ ಹೋಗಲೇಬೇಡಿ. ಮುಚ್ಚಿದ ಗಾಡಿಯೊಳಗಿನ ಕಾವು ಹತ್ತೇ ನಿಮಿಷದಲ್ಲಿ ಹೊರಗಿಗಿಂತ ಹತ್ತು ಡಿಗ್ರಿಯಷ್ಟು ಏರಬಹುದು.

ಈಗ ತಮ್ಮನ ಹೆಂಡತಿ ಗಾಡಿ ಕಲಿಯುತ್ತಿದ್ದಾಳೆ. ಓಣಿಯಲ್ಲಿ ಒಂದಿಷ್ಟು ಮಾತಾಯಿತು, ಆಗುವುದೇ. ಜಗತ್ತಿನಲ್ಲಿ ಮೊಟ್ಟಮೊದಲು ಮೋಟಾರು ಗಾಡಿಯಲ್ಲಿ ದೂರದ ಪ್ರಯಾಣ ಮಾಡಿದ್ದು ಒಬ್ಬ ಗೃಹಿಣಿ ಎಂದು ನಿಮಗೆ ಗೊತ್ತೇ? ಜರ್ಮನಿಯ ಬರ್ಥಾ ಬೆಂಜ್. ಗಾಡಿ ಮಾಡಿದ್ದು ಗಂಡ ಕಾರ್ಲ್ ಬೆಂಜ್, ಆದರೆ ಕೊಳ್ಳುವವರಿಗೆ ನಂಬಿಕೆ ಇರಲಿಲ್ಲ. 1888ರ ಆಗಸ್ಟಿನ ಒಂದು ಬೆಳಿಗ್ಗೆ ಗಂಡನಿಗೆ ತಿಳಿಸದೆ ಇಬ್ಬರು ಗಂಡುಮಕ್ಕಳನ್ನು ಕೂಡಿಸಿಕೊಂಡು ಹೊರಟಳು. ಹೋದದ್ದು ತವರಿಗೆ! ಯಾದಗಿರಿಯಿಂದ ಶಹಾಪುರ, ಸುರಪುರ ಮುಟ್ಟಿ ಮರಳಿ ಬಂದಷ್ಟು, ನೂರು ಕಿ.ಮೀ.ಗೂ ಮಿಕ್ಕಿದ ದಾರಿ. ಎಣ್ಣೆ ತೀರಿದಾಗ ಔಷಧಿ ಅಂಗಡಿಯಲ್ಲಿ ಕೊಂಡಳು. ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು.

ನಿಮಗೂ ಕಲಿಯುವ ಮನಸ್ಸಿದ್ದರೆ: ವಯಸ್ಸು 18 ತುಂಬಿರಬೇಕು. ಮೊದಲು ಕಲಿಕಾ ಲೈಸೆನ್ಸ್, ಅದು ಆರು ತಿಂಗಳು ನಡೆಯುತ್ತದೆ. ಅದು ಸಿಕ್ಕು 30 ದಿನ ಕಳೆದ ಮೇಲೆ ಪಕ್ಕಾ ಲೈಸೆನ್ಸಿನ ಪರೀಕ್ಷೆಗೆ ಹೋಗಬಹುದು. ನಮ್ಮ ಜಿಲ್ಲೆಯವರಿಗೆ ಯಾದಗಿರಿಯಲ್ಲೇ ಸಾರಿಗೆ ಕಚೇರಿ ಇದೆ, ಕೆ.ಎ. 33 ಎಂಬ ನಂಬರು ಕೊಡುವುದು ಅದೇ. ಅಲ್ಲಿಯವರೆಗೆ ಗಾಡಿಗೆ 'ಎಲ್' ಅಂಟಿಸಿ, ಲೈಸೆನ್ಸ್ ಇದ್ದವರನ್ನು ಪಕ್ಕದಲ್ಲಿ ಕೂಡಿಸಿಕೊಂಡೇ ಓಡಿಸಬೇಕು. ಗೇರು ಹಾಕುವುದು ಕಷ್ಟವೆನಿಸಿದರೆ ತಾನೇ ಗೇರು ಬದಲಿಸಿಕೊಳ್ಳುವ ಗಾಡಿಗಳೂ ಇವೆ, ಬೆಲೆ ತುಸು ಹೆಚ್ಚು. ಸೀರೆಯಲ್ಲಿ ಓಡಿಸುವವರು ನೆರಿಗೆಯನ್ನು ತುಸು ಎತ್ತರಕ್ಕೆ ಸಿಕ್ಕಿಸಿಕೊಳ್ಳಿ, ಪೆಡಲಿಗೆ ಸಿಗಬಾರದು. ಎತ್ತರ ಹಿಮ್ಮಡಿಯ ಚಪ್ಪಲಿ ಬಿಟ್ಟು, ಹಿಂದೆ ಪಟ್ಟಿಯಿರುವ ಚಪ್ಪಟೆ ಚಪ್ಪಲಿ ಹಾಕಿಕೊಳ್ಳಿ. ಬಿಚ್ಚಿಟ್ಟ ಚಪ್ಪಲಿ ಬ್ರೇಕಿನ ಕೆಳಗೆ ಉರುಳದ ಹಾಗೆ ಹಿಂದಿನ ಸೀಟಿನ ಕಡೆ ಇಡಿ.